ಖಾತೆ ಯಾರಿಗೆ?

2024 ಜುಲೈ 1, ಸೋಮವಾರ
ಉಡುಪಿ

"ಖಜಾಂಚಿ ಜಾಗ ಮೇಲ್ಮನೆಯವರಿಗೆ ಕೊಡುವ. ಇಲ್ಲಾಂದ್ರೆ ಈ ಕೆಲಸ ಆಗ್ಲಿಕ್ಕಿಲ್ಲ."

ಮಾವ ಇಷ್ಟು ಹೇಳಿದ್ದೇ ತಡ, ಅಮ್ಮ ಗಂಜಿಯ ಬಟ್ಟಲನ್ನು ಅರ್ಧಕ್ಕೇ ಬಿಟ್ಟು ಎದ್ದು ಒಳಗೆ ಹೋದರು. ಮಾವ ತಲೆ ಎತ್ತಲಿಲ್ಲ. ಗಂಜಿಗೆ ಒಣಸಿಗಡಿ ಚಟ್ನಿ ಕಲಸಿಕೊಂಡು, ಬಟ್ಟಲಿನ ಅಂಚಿಗೆ ಅಂಟಿದ ಅಗುಳುಗಳನ್ನು ಒಂದೊಂದಾಗಿ ಬೆರಳಿನಿಂದ ನಡುವಿಗೆ ಎಳೆಯುತ್ತ ಕೂತಿದ್ದರು. ಕರೆಂಟು ಸಂಜೆಯೇ ಹೋಗಿತ್ತು. ಮಳೆಯ ಸದ್ದಿಗೆ, ಅಮ್ಮ ಒಳಗೆ ಪಾತ್ರೆ ಇಟ್ಟದ್ದೋ ಎಸೆದದ್ದೋ ತಿಳಿಯಲಿಲ್ಲ.

ಬರುವ ಭಾನುವಾರ ಕುಟುಂಬದ ಮೀಟಿಂಗು. ಆಟಿ ತಿಂಗಳು ಹಿಡಿಯುವ ಮೊದಲು ದೈವದ ಚಾವಡಿಯ ಜೀರ್ಣೋದ್ಧಾರ ಸಮಿತಿ ಆಗಬೇಕು. ಕುಟುಂಬದ ಎರಡೂ ಕವಲು, ನಮ್ಮ ಮಾತಿನಲ್ಲಿ ಕವರು, ಒಟ್ಟಾಗದೆ ಮುಂದಕ್ಕಿಲ್ಲ ಎಂದು ಜೋಯಿಸರ ಪ್ರಶ್ನೆಯಲ್ಲಿ ಕಂಡುಬಂದು ವರ್ಷವಾಯಿತು. ಕಳೆದ ಸಂಕ್ರಮಣಕ್ಕೆ ನಾನು ಹೋಗಿದ್ದಾಗ ಚಾವಡಿಯ ಪಕ್ಕಾಸುಗಳಿಗೆ ಗೆದ್ದಲು ಹತ್ತಿತ್ತು. ಮೇಲೆ ಹೊದೆಸಿದ ನೀಲಿ ಟಾರ್ಪಾಲು ಹರಿದು ಮಣೆಮಂಚದ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಕೆಳಗೆ ಒಂದು ಸ್ಟೀಲ್ ಪಾತ್ರೆ ಇಟ್ಟು ಬಂದೆ. ದೈವದ ಮುಂದೆ ಸೋರುವ ನೀರಿಗೆ ಪಾತ್ರೆ ಇಡುವ ಗತಿ ಬಂತಲ್ಲ ಎಂದು ಬಸ್ಸಿನಲ್ಲಿ ಕೂತ ಮೇಲೆ ಅಳು ಬಂದಿತ್ತು.

ನಮ್ಮ ಕೆಳಮನೆಯವರಿಗೂ ಮೇಲ್ಮನೆಯವರಿಗೂ 2013ರಲ್ಲಿ ನಡೆದ ದೈವದ ನೇಮದಿಂದ ಮಾತಿಲ್ಲ. ದೊಡ್ಡ ಮಾವ ಆಗ ಖಜಾಂಚಿ. ನೇಮ ಮುಗಿದ ಮಾರನೆಯ ದಿನ ಎಲ್ಲರ ಎದುರು ಮೇಲ್ಮನೆಯ ಅಣ್ಣ, "ಲೆಕ್ಕ ಓದಿ ಹೇಳಿ, ಎಲ್ಲರಿಗೂ ಗೊತ್ತಾಗ್ಲಿ" ಎಂದರು. ಶಾಮಿಯಾನದ್ದೊಂದು ಬಿಲ್ಲು ಇರಲಿಲ್ಲ, ಅಷ್ಟೇ. ದೊಡ್ಡ ಮಾವ ಹೆಗಲ ಮೇಲಿನ ಶಾಲು ತೆಗೆದು ಚಾವಡಿಯ ಕಂಬಕ್ಕೆ ಸಿಕ್ಕಿಸಿ ಇಳಿದುಹೋದವರು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಐದು ವರ್ಷಕ್ಕೆ ತೀರಿಕೊಂಡರು. ಅಮ್ಮ ಎದ್ದು ಒಳಗೆ ಹೋದದ್ದಕ್ಕೆ ನಾನು ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇವತ್ತು ಬೆಳಿಗ್ಗೆಯಿಂದ ನನ್ನ ತಲೆಯಲ್ಲಿ ಇದೇ ಸುತ್ತುತ್ತಿತ್ತು, ಆದರೆ ಬೇರೆ ದೇಶದ ರೂಪದಲ್ಲಿ. ದಕ್ಷಿಣ ಆಫ್ರಿಕದಲ್ಲಿ ನಿನ್ನೆ ರಾತ್ರಿ ಅಧ್ಯಕ್ಷ ರಾಮಫೋಸ ಕೊನೆಗೂ ಸಂಪುಟ ಪ್ರಕಟಿಸಿದರು. ಮೇ 29ರ ಚುನಾವಣೆಯಲ್ಲಿ ಅವರ ಆಳುವ ಪಕ್ಷ ಎಎನ್‌ಸಿಗೆ 400ರಲ್ಲಿ 159 ಸ್ಥಾನ. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಬಹುಮತ ಹೋಯಿತು. 87 ಸ್ಥಾನ ಗೆದ್ದ ಡೆಮಾಕ್ರಟಿಕ್ ಅಲೈಯನ್ಸ್ ಇಷ್ಟು ವರ್ಷ ಎದುರು ಕೂತು ಬೈದ ಪಕ್ಷ. ಅದನ್ನೂ ಉಳಿದ ಸಣ್ಣ ಪಕ್ಷಗಳನ್ನೂ ಸೇರಿಸಿಕೊಂಡು ರಾಷ್ಟ್ರೀಯ ಐಕ್ಯತಾ ಸರ್ಕಾರ. 32 ಮಂತ್ರಿಗಳಲ್ಲಿ 20 ಎಎನ್‌ಸಿಯವರು, 6 ಅಲೈಯನ್ಸಿನವರು, ಉಳಿದ 6 ಇತರರು. ಕೈಗಾರಿಕೆ, ವಾಣಿಜ್ಯದ ಖಾತೆಗಾಗಿ ಜಗ್ಗಾಟ ನಡೆದು, ಕೊನೆಗೆ ಅಲೈಯನ್ಸಿನ ನಾಯಕ ಸ್ಟೀನ್‌ಹೌಸನ್ ಕೃಷಿಗೆ ಒಪ್ಪಿಕೊಂಡರು. ಗೃಹ ವ್ಯವಹಾರ, ಶಾಲಾ ಶಿಕ್ಷಣ ಅವರ ಪಕ್ಷಕ್ಕೆ ಹೋದವು. ಹಣಕಾಸು ಮಾತ್ರ ಎಎನ್‌ಸಿಯ ಗೊಡೊಂಗ್ವಾನ ಕೈಯಲ್ಲೇ ಉಳಿಯಿತು, ಅವರ ಕೆಳಗೆ ಅಲೈಯನ್ಸಿನ ಒಬ್ಬ ಉಪಮಂತ್ರಿ.

ಪಾಠ ಬೇರೆ ಇತ್ತು, ಆದರೂ ಕ್ಲಾಸಿನಲ್ಲಿ ಇದನ್ನೇ ಹೇಳಿದೆ. ಹಿಂದಿನ ಬೆಂಚಿನ ಹುಡುಗಿ, ಯಾವತ್ತೂ ಬಾಯಿ ಬಿಡದವಳು, ಎದ್ದು ನಿಂತು, "ಮೇಡಂ, ವಿರೋಧಿಗಳೆಲ್ಲ ಮಂತ್ರಿಗಳಾದ್ರೆ ಲೆಕ್ಕ ಕೇಳುವವರು ಯಾರು?" ಎಂದಳು. ಅಲ್ಲಿ ಎಂಕೆ ಪಕ್ಷದ 58, ಇಎಫ್‌ಎಫ್‌ನ 39 ಸದಸ್ಯರು ಹೊರಗಿದ್ದಾರೆ, ಅವರು ಕೇಳುತ್ತಾರೆ ಎಂದೆ. ಉತ್ತರ ತಪ್ಪಲ್ಲ. ಆದರೆ ಅವಳು ಕೇಳಿದ್ದು ಬರೀ ಆ ದೇಶದ ಮಾತಲ್ಲ ಎಂದು ಬೆಲ್ಲು ಹೊಡೆದ ಮೇಲೆ ಅನ್ನಿಸಿತು. "ಲೆಕ್ಕ ಕೇಳುವವರು" ಎಂಬ ಅವಳ ಶಬ್ದ ನನ್ನ ಜೊತೆ ಮನೆಗೆ ಬಂತು.

ಮಾವನಿಗೆ ಈ ವಿಷಯ ಹೇಳಬಾರದಿತ್ತೋ ಏನೋ. ಅವರು ಕೀನ್ಯಾದ ನೈರೋಬಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆದವರು. ಆಫ್ರಿಕ ಎಂದು ಕೇಳಿದರೆ ಅವರಿಗೆ ನೆನಪಾಗುವುದು ಒಂದೇ, 2008.

"ನಿನಗೆ ಗೊತ್ತುಂಟಲ್ಲ ಮಗಾ. 2007ರ ಡಿಸೆಂಬರ್ 27ಕ್ಕೆ ಓಟು. 30ಕ್ಕೆ ಪ್ರೆಸಿಡೆಂಟು ಕಿಬಾಕಿಯೇ ಗೆದ್ರು ಅಂತ ಹೇಳಿ ಅವತ್ತೇ ಪ್ರಮಾಣವಚನ. ಕತ್ತಲಾಗುವಾಗ ಕಿಬೇರಾ ಕೊಳೆಗೇರಿ ಕಡೆ ಹೊಗೆ."

ಅವರ ಅಂಗಡಿಯ ಡ್ರೈವರ್ ಕಿಬಾಕಿಯ ಕಿಕುಯು ಜನಾಂಗದವ, ವಾಚ್‌ಮ್ಯಾನ್ ಎದುರಾಳಿ ಒಡಿಂಗಾರ ಲುವೊ ಜನಾಂಗದವ. ಹತ್ತು ವರ್ಷ ಒಂದೇ ಫ್ಲಾಸ್ಕಿನ ಚಹಾ ಕುಡಿದವರು. ಜನವರಿಯಲ್ಲಿ ಡ್ರೈವರ್ ತನ್ನ ಪಾಲಿನ ಚಹಾವನ್ನು ಲಾರಿಯೊಳಗೆ ಕೂತು ಕುಡಿಯತೊಡಗಿದ. ವಾಚ್‌ಮ್ಯಾನ್ ಮನೆಗೆ ಹೋಗಲು ಹೆದರಿ ಸಿಮೆಂಟು ಚೀಲಗಳ ನಡುವೆ ಮಲಗುತ್ತಿದ್ದ. ದೇಶದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಜನ ಊರು ಬಿಟ್ಟರು.

"ಮತ್ತೆ ರಾಜಿ ಮಾಡಿಸ್ಲಿಕ್ಕೆ ವಿಶ್ವಸಂಸ್ಥೆಯ ಹಿಂದಿನ ಮುಖ್ಯಸ್ಥ ಕೋಫಿ ಅನ್ನಾನ್ ಬಂದ್ರು. ಹೊಟೇಲಿನಲ್ಲಿ ಕೂರಿಸಿ ಮಾತಾಡಿಸಿ ಮಾತಾಡಿಸಿ, ಫೆಬ್ರವರಿ 28ಕ್ಕೆ ಸಹಿ. ನಾವು ಅಂಗಡಿ ಟಿವಿಯಲ್ಲಿ ನೋಡಿದ್ದು. ಕಿಬಾಕಿ ಪ್ರೆಸಿಡೆಂಟು, ಒಡಿಂಗಾ ಪ್ರೈಮ್ ಮಿನಿಸ್ಟ್ರು. ಆ ಹುದ್ದೆಯೇ ಆಗ ಇರ್ಲಿಲ್ಲ, ಇವರಿಗೋಸ್ಕರ ಮಾಡಿದ್ದು. ನಮ್ಮ ಇಬ್ರೂ ಚಪ್ಪಾಳೆ ಹೊಡೀಲಿಲ್ಲ. ಡ್ರೈವರ್ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಮೇಜಿನ ಮೇಲೆ ಆಚೆ ದೂಡಿದ. ಅವ ತಗೊಂಡ. ಅಷ್ಟೇ."

ಇದನ್ನು ಹೇಳುವಾಗ ಮಾವ ತಮ್ಮ ನೀರಿನ ಲೋಟವನ್ನೇ ನನ್ನ ಕಡೆಗೆ ದೂಡಿದ್ದರು. ಗೊತ್ತಾಗಿ ಹಿಂದಕ್ಕೆ ಎಳೆದುಕೊಂಡರು.

ಸಹಿಯಾದ ಮೇಲಿನ ಆರು ವಾರಗಳೇ ಕಷ್ಟದ್ದಂತೆ. ಯಾವ ಖಾತೆ ಯಾರಿಗೆ ಎಂದು ಇತ್ಯರ್ಥವಾಗದೆ ಏಪ್ರಿಲ್‌ನಲ್ಲಿ ಮಾತುಕತೆ ನಿಂತು ಕಿಬೇರಾದಲ್ಲಿ ಮತ್ತೆ ಟಯರು ಸುಟ್ಟರು. ಕೊನೆಗೆ ಎರಡು ಕಡೆಯವರಿಗೂ ಸಮಪಾಲು ಎಂದು 40 ಮಂತ್ರಿಗಳಾದರು. ಬಡದೇಶಕ್ಕೆ ಅದು ಭಾರ, ನನಗೆ ಅದರಲ್ಲಿ ಸಂಶಯವಿಲ್ಲ. ಅಲ್ಲಿ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ನಿಜವಾಗಿಯೂ ಉತ್ತರ ಇರಲಿಲ್ಲ, ಸಂಸತ್ತಿನಲ್ಲಿ ಎದುರು ಕೂರುವವರೇ ಹೆಚ್ಚುಕಡಿಮೆ ಉಳಿಯಲಿಲ್ಲ. ಆದರೆ ಅದೇ ಸರ್ಕಾರ 2010ರಲ್ಲಿ ಹೊಸ ಸಂವಿಧಾನ ತಂದಿತು. ಅದರ ಪ್ರಕಾರ ಸಂಪುಟದಲ್ಲಿ 14ಕ್ಕಿಂತ ಕಡಿಮೆ ಇರಬಾರದು, 22ಕ್ಕಿಂತ ಹೆಚ್ಚಿರಬಾರದು, ಸಂಸದರಾಗಿದ್ದುಕೊಂಡು ಮಂತ್ರಿಯಾಗುವಂತಿಲ್ಲ. 40 ಜನರನ್ನು ಕೂರಿಸಿದವರೇ ಕುರ್ಚಿಗಳನ್ನು ಕಡಿಮೆ ಮಾಡಿ ಎದ್ದರು. ಇದನ್ನು ಓದಿದ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ.

"ಹಾಗಾದ್ರೆ ಮಾವ, ಹಣದ ಕೀಲಿಕೈಯನ್ನೇ ಆಚೆಯವರಿಗೆ ಕೊಡಬೇಕಾ? ಅದು ನಮ್ಮ ದೇಶದಲ್ಲೇ ಆದದ್ದುಂಟು" ಎಂದೆ. ಬೇಕೆಂದೇ ಎದುರು ಮಾತಾಡಿದೆ, ಒಳಗೆ ಅಮ್ಮನಿಗೆ ಕೇಳಿಸಲಿ ಎಂದೂ ಇರಬಹುದು.

1946ರ ಸೆಪ್ಟೆಂಬರ್ 2ಕ್ಕೆ ನೆಹರೂ ಮಧ್ಯಂತರ ಸರ್ಕಾರ ಬಂತು. ಅಕ್ಟೋಬರ್ ಕೊನೆಗೆ ಮುಸ್ಲಿಂ ಲೀಗ್ ಒಳಗೆ ಬಂದಾಗ ಅವರಿಗೊಂದು ದೊಡ್ಡ ಖಾತೆ ಕೊಡಲೇಬೇಕಾಯಿತು. ಗೃಹ ಬಿಡಲು ಪಟೇಲರು ಒಪ್ಪಲಿಲ್ಲ. ಹಣಕಾಸು ಕೊಡೋಣ, ಅದು ಅವರಿಂದ ಸಾಗಲಿಕ್ಕಿಲ್ಲ ಎಂದು ಕಾಂಗ್ರೆಸ್ಸಿನವರು ಎಣಿಸಿದರು. ಲಿಯಾಕತ್ ಅಲಿ ಖಾನ್ ತೆಗೆದುಕೊಂಡರು. ಆಮೇಲೆ ಒಬ್ಬ ಜವಾನನನ್ನು ನೇಮಿಸಬೇಕಿದ್ದರೂ ಪಟೇಲರು ಹಣಕಾಸು ಇಲಾಖೆಯ ಒಪ್ಪಿಗೆಗೆ ಕಾಯಬೇಕಾಯಿತು ಎಂದು ಮೌಲಾನಾ ಆಜಾದರೇ ಮುಂದೆ ನೆನಪಿಸಿಕೊಂಡಿದ್ದಾರೆ. ಮುಂದಿನ ಬಜೆಟ್‌ನಲ್ಲಿ ಒಂದು ಲಕ್ಷ ಮೀರಿದ ವ್ಯಾಪಾರ ಲಾಭಕ್ಕೆ ಶೇ. 25 ತೆರಿಗೆ ಬಿದ್ದಾಗ ಸಂಪುಟವೇ ಎರಡು ಹೋಳು.

ಮಾವ ಕೈತೊಳೆದು ಬಂದು ಕೂತರು. "ಅವರಿಗೆ ಆಗ್ಲಿಕ್ಕಿಲ್ಲ ಅಂತ ಎಣಿಸಿಯೇ ಕೊಟ್ಟದ್ದಲ್ವಾ? ಹಾಗೆ ಕೊಟ್ರೆ ಹಾಗೇ ಆಗುದು. ಮೇಲ್ಮನೆಯ ಅಣ್ಣ ಸೊಸೈಟಿಯಲ್ಲಿ ಇಷ್ಟು ವರ್ಷ ದುಡಿದವ. ಲೆಕ್ಕ ಅವನಿಗೆ ಬರ್ತದೆ. ಬರ್ತದೆ ಅಂತ ಕೊಡುವ."

ನನಗೆ ಮಾತು ನಿಂತಿತು. ವರ್ಷ ವರ್ಷ ನಾನು ಪಾಠ ಮಾಡುವ 1947ರ ಆಗಸ್ಟ್ 15ರ ಸಂಪುಟ ಅದೇ ಅಲ್ಲವೇ? ಬದುಕಿಡೀ ಕಾಂಗ್ರೆಸ್ಸನ್ನು ಪ್ರಶ್ನಿಸಿದ ಅಂಬೇಡ್ಕರರಿಗೆ ಕಾನೂನು. ಹಿಂದೂ ಮಹಾಸಭೆಯ ಶ್ಯಾಮಪ್ರಸಾದ್ ಮುಖರ್ಜಿಗೆ ಕೈಗಾರಿಕೆ. ಜಸ್ಟಿಸ್ ಪಕ್ಷದಿಂದ ಬಂದ ಷಣ್ಮುಖಂ ಚೆಟ್ಟಿಗೆ ಹಣಕಾಸು. ಅಕಾಲಿ ಬಲದೇವ್ ಸಿಂಗರಿಗೆ ರಕ್ಷಣೆ. ಬಂದವರು ಮೂಲೆಯ ಖಾತೆ ಹಿಡಿದು ಕೂತವರಲ್ಲ. ಅಂಬೇಡ್ಕರರು 1949ರ ನವೆಂಬರ್ 25ರ ಭಾಷಣದಲ್ಲಿ ಸಂವಿಧಾನದ ಶ್ರೇಯಸ್ಸು ತನ್ನೊಬ್ಬನದಲ್ಲ, ಮೊದಲ ಕರಡು ಬರೆದ ಬಿ. ಎನ್. ರಾಯರದ್ದೂ ಹೌದು ಎಂದರು. ನಮ್ಮ ಮಂಗಳೂರಿನ ಬೆನೆಗಲ್ ನರಸಿಂಗ ರಾಯರು. ಹೊಗಳಿಕೆ ತನಗೇ ಬರುತ್ತಿದ್ದ ದಿನ ಅದರಲ್ಲಿ ಇನ್ನೊಬ್ಬರಿಗೆ ಪಾಲು ತೆಗೆದಿಟ್ಟರು. ಆ ಸಂಪುಟವೂ ಉಳಿಯಲಿಲ್ಲ, ನಿಜ. ಮುಖರ್ಜಿ 1950ರಲ್ಲಿ, ಅಂಬೇಡ್ಕರ್ 1951ರಲ್ಲಿ ಹೊರಬಂದರು, ಇಬ್ಬರೂ ಜಗಳ ಮಾಡಿಯೇ. ಅಷ್ಟರಲ್ಲಿ ಸಂವಿಧಾನ ಆಗಿತ್ತು.

ಮಂಡೇಲಾ ಕಾಲದ್ದು ನನಗೆ ಇನ್ನೂ ಹೆಚ್ಚು ತಾಗುವ ಕಥೆ. 1993ರ ಮಧ್ಯಂತರ ಸಂವಿಧಾನದಲ್ಲೇ ಬರೆದಿಟ್ಟಿದ್ದರು: 400ರಲ್ಲಿ 20 ಸ್ಥಾನ ಗೆದ್ದ ಪಕ್ಷಕ್ಕೆ ಸಂಪುಟದಲ್ಲಿ ಪಾಲು, 80 ಗೆದ್ದರೆ ಉಪಾಧ್ಯಕ್ಷ ಸ್ಥಾನ. ದಯೆಯಿಂದ ಕೊಡುವುದಲ್ಲ, ಲೆಕ್ಕದಿಂದ ಬರುವುದು. ಅಲ್ಲಿಯವರೆಗೆ ಬಿಳಿಯರ ಸರ್ಕಾರ ನಡೆಸಿದ್ದ ನ್ಯಾಷನಲ್ ಪಕ್ಷ 82 ಗೆದ್ದು, ಅದರ ನಾಯಕ ಡಿ ಕ್ಲರ್ಕ್ ಉಪಾಧ್ಯಕ್ಷರಾದರು. ಜುಲು ಜನರ ಇಂಕಾಥಾ ಪಕ್ಷದ ಬುತೆಲೆಜಿ ಗೃಹ ವ್ಯವಹಾರ ಮಂತ್ರಿ. ಇಂಕಾಥಾ ಮತ್ತು ಎಎನ್‌ಸಿ ಕಾದಾಟದಲ್ಲಿ ಸಾವಿರಾರು ಜನ ಸತ್ತಿದ್ದರು, ಆ ಮನೆಗಳ ಸೂತಕವೇ ಕಳೆದಿರಲಿಲ್ಲ. ಅಂಥ ಬುತೆಲೆಜಿಯನ್ನು ಮಂಡೇಲಾ ತಾನು ದೇಶದಲ್ಲಿ ಇಲ್ಲದಾಗ ಹಲವು ಬಾರಿ ಹಂಗಾಮಿ ಅಧ್ಯಕ್ಷರನ್ನಾಗಿ ಕೂರಿಸಿ ಹೋದರು. ಮನೆಯ ಬೀಗದ ಕೈ ಗೊಂಚಲನ್ನು ಬಿಚ್ಚಿ ಕೈಗೆ ಕೊಟ್ಟು, ಹೋಗಿಬರುತ್ತೇನೆ ಎಂದ ಹಾಗೆ. ಡಿ ಕ್ಲರ್ಕ್ ಪಕ್ಷ ಎರಡೇ ವರ್ಷಕ್ಕೆ ಹೊರನಡೆಯಿತು, 1996ರ ಜೂನ್ 30ಕ್ಕೆ. ನಿನ್ನೆಗೆ ಸರಿಯಾಗಿ 28 ವರ್ಷ.

ಒಂಬತ್ತೂವರೆಗೆ ಕರೆಂಟು ಬಂತು. ಫ್ಯಾನು ತಿರುಗಿದ ಕೂಡಲೇ ಮೇಜಿನ ಕಾಗದವೆಲ್ಲ ಹಾರಿ, ನಾಡಿದ್ದಿನ ಟೆಸ್ಟಿನ ಪ್ರಶ್ನೆಪತ್ರಿಕೆ ಒದ್ದೆ ನೆಲಕ್ಕೆ ಬಿತ್ತು. ಅದನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸುತ್ತ ನಿಂತವಳಿಗೆ ಯಾಕೋ ಸಿಟ್ಟು ಬಂತು. ಮಾವನ ಮೇಲೆ, ಮೇಲ್ಮನೆಯವರ ಮೇಲೆ, ಶಾಲನ್ನು ಕಂಬಕ್ಕೆ ಸಿಕ್ಕಿಸಿ ಹೋದ ದೊಡ್ಡ ಮಾವನ ಮೇಲೂ. ಅವತ್ತು ಲೆಕ್ಕ ಓದಿ ಮುಗಿಸಿಬಿಟ್ಟಿದ್ದರೆ!

ಚೆಕ್ಕಿಗೆ ಜಂಟಿ ಸಹಿ ಇಡಬಹುದು. ಖಜಾಂಚಿ ಅವರ ಕಡೆ, ಎರಡನೆಯ ಸಹಿ ನಮ್ಮ ಕಡೆ. ಭಾನುವಾರ ನಾನೇ ಎದ್ದು ಹೇಳಬೇಕು, ಮಾವ ಹೇಳಿದರೆ "ಪರದೇಶದಲ್ಲಿದ್ದವರಿಗೆ ಇಲ್ಲಿಯದ್ದು ಎಂತ ಗೊತ್ತು" ಎನ್ನುತ್ತಾರೆ. ಹೆಂಗಸರು ಮೀಟಿಂಗಿನಲ್ಲಿ ಮಾತಾಡಿದ ರೂಢಿ ಇಲ್ಲ. ಅಳಿಯಕಟ್ಟಿನ ಕುಟುಂಬ, ಕವರು ಹರಿದುಬಂದದ್ದೇ ಹೆಣ್ಣಿನಿಂದ, ಆದರೂ ಇಲ್ಲ. ಈ ಸಲ ಮಾತಾಡುತ್ತೇನೆ.

ಮಲಗುವ ಮೊದಲು ಅಮ್ಮನ ಕೋಣೆಗೆ ಹೋದೆ. ಟ್ರಂಕು ತೆರೆದಿತ್ತು. ಮಂಚದ ಮೇಲೆ ಕೆಂಪು ರೆಕ್ಸಿನಿನ ಉದ್ದ ಪುಸ್ತಕ, ದೊಡ್ಡ ಮಾವನ ಅಕ್ಷರ. ಹೂ, ಎಣ್ಣೆ, ದೊಂದಿ, ವಾದ್ಯದವರಿಗೆ, ಅಡಿಗೆಯವರಿಗೆ. ಪುಟದ ಬುಡದಲ್ಲಿ ಕೂಡಿಸಿ, ಕೆಳಗೆ ಎರಡು ಗೆರೆ. ಇದು ನಮ್ಮ ಮನೆಯಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ.

"ಖಜಾಂಚಿ ಯಾರಾದ್ರೂ ಆಗ್ಲಿ" ಎಂದರು ಅಮ್ಮ, ನನ್ನ ಮುಖ ನೋಡದೆ. "ಅದಕ್ಕೆ ಮೊದಲು ಇದನ್ನು ಅಲ್ಲಿ ಓದ್ಬೇಕು. ಪೂರ್ತಿ. ಶಾಮಿಯಾನದ್ದು ಸಮೇತ."

ದಕ್ಷಿಣ ಆಫ್ರಿಕದ ಆ ಮೊದಲ ಐಕ್ಯತಾ ಸರ್ಕಾರ 1995ರಲ್ಲಿ ಒಂದು ಕಾಯಿದೆ ಮಾಡಿತು, ಹೆಸರಿನಲ್ಲೇ ರಾಷ್ಟ್ರೀಯ ಐಕ್ಯತೆ ಎಂದಿತ್ತು. ಅದರಿಂದ ಹುಟ್ಟಿದ್ದು ವರ್ಣಭೇದದ ಕಾಲದ ದೌರ್ಜನ್ಯಗಳ ಕಥೆ ಕೇಳಿದ ಸತ್ಯ ಆಯೋಗ. 1996ರ ಏಪ್ರಿಲ್‌ನಲ್ಲಿ ಮೊದಲ ವಿಚಾರಣೆ, ಗಂಡನನ್ನು, ಮಕ್ಕಳನ್ನು ಕಳೆದುಕೊಂಡವರು ಎಲ್ಲರೆದುರು ಕೂತು ಹೇಳಿದ್ದು. ನಾನು ಪಾಠದಲ್ಲಿ ಅದನ್ನು ಬೇರೆ ಅಧ್ಯಾಯ ಎಂದು ಮುಂದಿನ ವಾರಕ್ಕೆ ದೂಡುತ್ತೇನೆ. ಸಂಪುಟ ಒಂದು ಕಡೆ, ಆಯೋಗ ಇನ್ನೊಂದು ಕಡೆ.

ಅಮ್ಮ ಹೇಳಿದ ಹಾಗೆ ಓದಿದರೆ ಮೇಲ್ಮನೆಯವರು ಕೂತು ಕೇಳಿಯಾರೇ? ಅಥವಾ ಹನ್ನೊಂದು ವರ್ಷದ ಮೇಲೆ ಮತ್ತೆ ಅದೇ ಕಂಬದ ಹತ್ತಿರ ಯಾರಾದರೂ ಎದ್ದು… ನಾಳೆ ಬೆಳಿಗ್ಗೆ ಮೇಲ್ಮನೆಯ ಅಕ್ಕನಿಗೆ ಫೋನು ಮಾಡಬೇಕು. ಅವಳ ನಂಬರು ನನ್ನಲ್ಲಿ ಹಳೆಯದು, ಬದಲಾಗದೆ ಇದ್ದರೆ