ನಿಲ್ದಾಣದ ಬಾಗಿಲಲ್ಲೇ ಪ್ರಾಣ ಹೋಗುವ ಆಟ

ಬಾಹ್ಯಾಕಾಶದಲ್ಲಿ ನೌಕೆ ಓಡಿಸಿಕೊಂಡು ವ್ಯಾಪಾರ ಮಾಡುವ, ಕಾದಾಡುವ ಹಳೇ ಕಂಪ್ಯೂಟರ್ ಆಟ ಎಲೈಟ್. ಅದರ ಬಗ್ಗೆ ಓದಿದ್ದು ಜಾಸ್ತಿ, ಆಡಿದ್ದು ಕಡಿಮೆ. ಆಡಿದ್ದೂ ಎಮ್ಯುಲೇಟರ್‌ನಲ್ಲಿ (ಇಂದಿನ ಕಂಪ್ಯೂಟರನ್ನು ಹಳೇದರಂತೆ ನಡೆಸುವ ಪ್ರೋಗ್ರಾಮ್), ಅದೂ ಅರ್ಧ ಗಂಟೆ ನೋಡಿ ಮುಚ್ಚಿದ್ದು. ಹಳೇ ಕಂಪ್ಯೂಟರ್‌ಗಳ ಹುಚ್ಚಿರುವ ನನ್ನ ಗೆಳೆಯನೊಬ್ಬ ಎಂಬತ್ತರ ದಶಕದ ಬ್ರಿಟಿಷ್ ಕಂಪ್ಯೂಟರ್ ಬಿಬಿಸಿ ಮೈಕ್ರೋ ಮಾಡೆಲ್ ಬಿ ಒಂದನ್ನು ರಿಪೇರಿ ಮಾಡಿ ಮುಗಿಸಿದ್ದ. ಈ ಯಂತ್ರಗಳ ಪವರ್ ಸಪ್ಲೈನಲ್ಲಿರುವ ಹಳೇ ಕೆಪಾಸಿಟರ್ ವಯಸ್ಸಾದ ಮೇಲೆ ಢಬ್ ಅಂತ ಸಿಡಿದು ಮನೆ ತುಂಬ ಹೊಗೆ ಎಬ್ಬಿಸುವುದರಲ್ಲಿ ಹೆಸರುವಾಸಿ, ಅದನ್ನು ಬದಲಿಸಿದ್ದಾಯ್ತು, ಫ್ಲಾಪಿ ಡ್ರೈವ್ ಕೂಡ ಓದುತ್ತಿದೆ, ಬಂದು ಆಡು ಅಂದ. ಹೋಗಿ ಕೂತೆ. ಎದ್ದಾಗ ರಾತ್ರಿಯಾಗಿತ್ತು.

1984ರ ಸೆಪ್ಟೆಂಬರ್‌ನಲ್ಲಿ ಬಂದ ಆಟ ಇದು. ಬರೆದವರು ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್. ಇಬ್ಬರೂ ಆಗ ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದ ಹುಡುಗರು. ಹೊರತಂದದ್ದು ಬಿಬಿಸಿ ಮೈಕ್ರೋ ತಯಾರಿಸಿದ ಏಕಾರ್ನ್ ಕಂಪನಿಯ ಸಾಫ್ಟ್‌ವೇರ್ ವಿಭಾಗ ಏಕಾರ್ನ್‌ಸಾಫ್ಟ್. ಮೆಷಿನ್‌ನ ಒಟ್ಟು ಮೆಮೊರಿ 32 ಕೆ, ಅಂದರೆ 32 ಕಿಲೋಬೈಟ್. ಅದರಲ್ಲಿ ಸುಮಾರು 8 ಕೆ ಬರೀ ಪರದೆಗೇ ಹೋಗುತ್ತದೆ. ಉಳಿದ ಚೂರಲ್ಲಿ ಎಂಟು ಗೆಲಾಕ್ಸಿ, ಒಂದೊಂದರಲ್ಲಿ 256 ಗ್ರಹ. ಇವ್ಯಾವುದನ್ನೂ ಎಲ್ಲೂ ಬರೆದಿಟ್ಟಿಲ್ಲ. ಆರು ಬೈಟ್‌ನಷ್ಟು ಸಂಖ್ಯೆ ಇಟ್ಟುಕೊಂಡು, ಅದನ್ನೇ ಕೂಡಿಸಿ ತಿರುಚಿ, ಬೇಕಾದಾಗ ಬೇಕಾದ ಗ್ರಹವನ್ನು ಹುಟ್ಟಿಸುತ್ತದೆ. ಹೆಸರು, ಸರ್ಕಾರ, ಆರ್ಥಿಕ ಸ್ಥಿತಿ, ಅಲ್ಲಿ ವಾಸ ಮಾಡುವ ಜೀವಿಗಳು, ಎಲ್ಲವೂ ಆ ಲೆಕ್ಕದಿಂದಲೇ. ಪ್ರತಿ ಸಲವೂ ಅದೇ ಲೆಕ್ಕ, ಅದೇ ಉತ್ತರ. ಹಾಗಾಗಿ ನನ್ನ ಲೇವ್ ಗ್ರಹ, ನಲವತ್ತು ವರ್ಷದ ಹಿಂದೆ ಆಡಿದವರ ಲೇವ್ ಗ್ರಹ ಎರಡೂ ಒಂದೇ. ನಕ್ಷೆಯಲ್ಲಿ ಸುಮ್ನೆ ಒಂದೊಂದೇ ಗ್ರಹದ ಮಾಹಿತಿ ತೆಗೆದು ಓದುವುದೇ ಒಂದು ಮಜ. ಒಂದು ಕಡೆ ಕೊಂಬಿರುವ ಹಕ್ಕಿಗಳು, ಇನ್ನೊಂದು ಕಡೆ ದಪ್ಪ ಕಪ್ಪೆಗಳು ಸರ್ಕಾರ ನಡೆಸುತ್ತಿರುತ್ತವೆ.

ಆಟ ಶುರುವಾದರೆ ನೀವು ಕಮಾಂಡರ್ ಜೇಮ್ಸನ್. ಲೇವ್‌ನ ನಿಲ್ದಾಣದಲ್ಲಿ ನಿಂತಿದ್ದೀರಿ. ಕೈಯಲ್ಲಿ 100 ಕ್ರೆಡಿಟ್, ಒಂದು ಕೋಬ್ರಾ ಮಾರ್ಕ್ 3 ನೌಕೆ, ಮೂರು ಕ್ಷಿಪಣಿ, ಮುಂದೊಂದು ಸಾಧಾರಣ ಲೇಸರ್. ದರ್ಜೆ ಹಾರ್ಮ್‌ಲೆಸ್, ಅಂದರೆ ಇವನಿಂದ ಯಾರಿಗೂ ತೊಂದರೆ ಇಲ್ಲ ಅಂತ. ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಬಾಣದ ಗುರುತಿಲ್ಲ, ಕೆಲಸದ ಪಟ್ಟಿ ಇಲ್ಲ. ಎಲ್ಲಿಗೆ ಬೇಕಾದರೂ ಹೋಗಬಹುದು ಅಂತ ಹೊಗಳುತ್ತಾರಲ್ಲ, ಅದು ಅರ್ಧ ಸತ್ಯ. ಟ್ಯಾಂಕ್ ತುಂಬಿದರೂ 7 ಜ್ಯೋತಿರ್ವರ್ಷಕ್ಕಿಂತ ಆಚೆ ಹೋಗಕ್ಕಾಗಲ್ಲ. ಆ ಸುತ್ತಿನಲ್ಲಿ ಇರುವುದು ಕೆಲವೇ ಗ್ರಹಗಳು. ಅದರಲ್ಲೂ ರೀಡ್‌ಕ್ವಾಟ್‌ನಂಥ ಅರಾಜಕ ಜಾಗಕ್ಕೆ ಈ ಲೇಸರ್ ಹಿಡ್ಕೊಂಡು ಹೋದರೆ ವಾಪಸ್ ಬರುವುದು ಕಷ್ಟ. ದುಡ್ಡಿದ್ದವನಿಗೆ ಬ್ರಹ್ಮಾಂಡ ತೆರೆದಿದೆ, ನೂರು ಕ್ರೆಡಿಟ್‌ನವನಿಗೆ ಪಕ್ಕದ ಗ್ರಹವೇ ದೂರ.

ಹಾಗಾಗಿ ಮೊದಲು ವ್ಯಾಪಾರ. ಕೃಷಿ ಗ್ರಹದಲ್ಲಿ ಆಹಾರ ಅಗ್ಗ, ಕೈಗಾರಿಕೆಯ ಗ್ರಹದಲ್ಲಿ ಕಂಪ್ಯೂಟರ್ ಅಗ್ಗ. ಲೇವ್ ಕೃಷಿ ಗ್ರಹ, ಹತ್ತಿರದ ಝಾವೋನ್ಸ್ ಕೈಗಾರಿಕೆಯದ್ದು. ಇಲ್ಲಿಂದ ಆಹಾರ ಒಯ್ಯುವುದು, ಅಲ್ಲಿಂದ ಕಂಪ್ಯೂಟರ್ ತರುವುದು. ನೌಕೆಯಲ್ಲಿ 20 ಟನ್ ಜಾಗ ಇದೆ, ಆದರೆ ಆರಂಭದಲ್ಲಿ ಕಂಪ್ಯೂಟರ್ ಕೊಳ್ಳಲು ಇರುವ ದುಡ್ಡು ಒಂದು ಟನ್‌ಗೆ ಸಾಕಾದರೆ ಹೆಚ್ಚು. ಇಂಧನಕ್ಕೆ ಬೇರೆ ಒಂದು ಜ್ಯೋತಿರ್ವರ್ಷಕ್ಕೆ 2 ಕ್ರೆಡಿಟ್ ಕಳೆಯುತ್ತದೆ. ಹೋಗಿ ಬಂದು ಹೋಗಿ ಬಂದು ಮಧ್ಯಾಹ್ನದ ಹೊತ್ತಿಗೆ ನನ್ನ ಹತ್ತಿರ ಒಂದಿಷ್ಟು ಕಾಸು ಸೇರಿತ್ತು. ಬೇಜಾರಿನ ಕೆಲಸ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಅದಕ್ಕೆ ಕಾರಣ ಲಾಭ ಅಲ್ಲ, ಭಯ.

ಎಲೈಟ್‌ನಲ್ಲಿ ಆಟವನ್ನು ಸೇವ್ ಮಾಡುವುದು ನಿಲ್ದಾಣದ ಒಳಗಿದ್ದಾಗ ಮಾತ್ರ. ಹೊರಗೆ ಸತ್ತರೆ ಕೊನೇ ಸಲ ಸೇವ್ ಮಾಡಿದ ಜಾಗಕ್ಕೆ ವಾಪಸ್. ನಿಯಮ ಇಷ್ಟೇ, ಆದರೆ ಇಡೀ ಆಟ ಇದರ ಮೇಲೇ ನಿಂತಿದೆ ಅಂತ ನನಗೆ ಅನ್ನಿಸಿದ್ದು ಅವತ್ತು. ಈ ಆಟವನ್ನು ಮೊದಲು ನೋಡಿದ ಒಂದು ದೊಡ್ಡ ಕಂಪನಿ, ಇದಕ್ಕೆ ಮೂರು ಜೀವ ಇರಬೇಕು, ಸ್ಕೋರ್ ಇರಬೇಕು, ಹತ್ತು ನಿಮಿಷದಲ್ಲಿ ಮುಗಿಯಬೇಕು ಅಂತ ಹೇಳಿ ಬೇಡ ಅಂದಿತ್ತಂತೆ. ಆರ್ಕೇಡ್ ಕಾಲದ ಲೆಕ್ಕಾಚಾರ, ತಪ್ಪು ಅನ್ನಕ್ಕೂ ಆಗಲ್ಲ. ಆದರೆ ಮೂರು ಜೀವ ಕೊಟ್ಟಿದ್ದರೆ ಸರಕು ಹೊತ್ತು ಹೋಗುವಾಗ ಎದೆ ಹೊಡ್ಕೊಳ್ಳುತ್ತಲೇ ಇರಲಿಲ್ಲ.

ನೌಕೆ ಓಡಿಸುವುದೂ ಸುಲಭ ಅಲ್ಲ. ಇದರಲ್ಲಿ ಎಡಕ್ಕೆ ಬಲಕ್ಕೆ ತಿರುಗುವ ಕೀಲಿಯೇ ಇಲ್ಲ! ಉರುಳಬೇಕು, ಆಮೇಲೆ ಮೂತಿ ಎತ್ತಬೇಕು ಅಥವಾ ಇಳಿಸಬೇಕು. ಬಲಗಡೆ ಏನಾದರೂ ಕಂಡರೆ ಮೊದಲು ಅದು ತಲೆ ಮೇಲೆ ಬರುವ ಹಾಗೆ ಉರುಳಿ, ಆಮೇಲೆ ಮೂತಿ ಎತ್ತು. ಒಂದು ಗಂಟೆ ಬೆರಳು ಮಾತು ಕೇಳಲ್ಲ, ಆಮೇಲೆ ಯೋಚನೆಯೇ ಬೇಕಾಗಲ್ಲ. ಕೆಳಗಿನ ರೇಡಾರ್ ಮಾತ್ರ ಕಣ್ಣಿಗೆ ಹಬ್ಬ. ಅಡ್ಡ ಮಲಗಿಸಿದ ಅಂಡಾಕಾರ, ಅದರ ಮೇಲೆ ಕಡ್ಡಿ ನೆಟ್ಟ ಹಾಗೆ ಶತ್ರುಗಳು. ಕಡ್ಡಿ ಮೇಲಕ್ಕಿದ್ದರೆ ಅವನು ನಮಗಿಂತ ಮೇಲೆ, ಕೆಳಕ್ಕಿದ್ದರೆ ಕೆಳಗೆ. ಇನ್ನೊಂದು ವಿಷಯ, ಮೇಲಿನ ಆಕಾಶ ಬರೀ ಕಪ್ಪು ಬಿಳುಪು, ಗೆರೆ ಮಾತ್ರ ಸ್ಪಷ್ಟ. ಕೆಳಗಿನ ಡ್ಯಾಶ್‌ಬೋರ್ಡ್ ಬಣ್ಣದ್ದು, ಸ್ವಲ್ಪ ಒರಟು. ಒಂದೇ ಪರದೆಯಲ್ಲಿ ಎರಡು ಥರ ಚಿತ್ರ ತೋರಿಸುವ ಸೌಕರ್ಯ ಈ ಕಂಪ್ಯೂಟರ್‌ಗೆ ಇರಲಿಲ್ಲ. ಟಿವಿಯ ಕಿರಣ ಮೇಲಿಂದ ಕೆಳಗೆ ಬರುವಾಗ, ಅರ್ಧ ದಾರಿಯಲ್ಲಿ, ಸೆಕೆಂಡಿಗೆ 50 ಸಲ, ಈ ಪ್ರೋಗ್ರಾಮ್ ಪರದೆಯ ಮೋಡ್ ಬದಲಾಯಿಸುತ್ತಿರುತ್ತದೆ. ಗೆಳೆಯ ಇದನ್ನು ಹೇಳಿದ ಮೇಲೆ ಆ ಎರಡು ಭಾಗ ಕೂಡುವ ಗೆರೆಯನ್ನೇ ನೋಡುತ್ತಾ ದಾರಿಯಲ್ಲಿ ನೌಕೆಗಳ ಮೇಲೆ ಬೀಳುವ ಒಬ್ಬ ಕಡಲ್ಗಳ್ಳನ ಕೈಯಲ್ಲಿ ಹೊಡೆಸಿಕೊಂಡೆ.

ಸಂಜೆಗೆ ದೊಡ್ಡ ಸವಾರಿ. ಝಾವೋನ್ಸ್‌ನಲ್ಲಿ ಇದ್ದ ದುಡ್ಡೆಲ್ಲ ಹಾಕಿ ಕಂಪ್ಯೂಟರ್ ಕೊಂಡೆ. ಲೇವ್‌ಗೆ ಜಿಗಿದೆ. ಜಿಗಿದ ಮೇಲೆ ಗ್ರಹ ಬಹಳ ದೂರ ಇರುತ್ತದೆ. ಜೆ ಕೀಲಿ ಒತ್ತಿದರೆ ಆ ದೂರವನ್ನು ದಾಪುಗಾಲಲ್ಲಿ ದಾಟಬಹುದು, ಆದರೆ ಹತ್ತಿರದಲ್ಲಿ ಬೇರೆ ನೌಕೆ ಇದ್ದರೆ ಅದು ಕೆಲಸ ಮಾಡಲ್ಲ. ಎರಡು ಸಲ ಜಿಗಿಯುವಷ್ಟರಲ್ಲಿ ಅದು ನಿಂತೇ ಹೋಯ್ತು. ರೇಡಾರ್‌ನಲ್ಲಿ ಕಡ್ಡಿಗಳು. ಖಾಲಿ ನೌಕೆಯಾಗಿದ್ದರೆ ನಾನೇ ಹೋಗಿ ಮೈಮೇಲೆ ಬೀಳುತ್ತಿದ್ದೆ, ಈಗ ಓಡುವುದೇ ವಾಸಿ ಅನ್ನಿಸಿತು. ಅವೇ ಸೈಡ್‌ವೈಂಡರ್ ಅನ್ನುವ ಕಡಲ್ಗಳ್ಳರ ನೌಕೆಗಳು, ಅದೇ ಲೇಸರ್, ಬದಲಾಗಿದ್ದು ನನ್ನ ಹಿಂದಿರುವ ಸರಕು ಅಷ್ಟೇ. ಕ್ಷಿಪಣಿ ಖಾಲಿ ಮಾಡಿದೆ, ಹಿಂದಿನ ಶೀಲ್ಡ್ ಪೂರ್ತಿ ಹೋಯ್ತು, ನಾಲ್ಕು ಎನರ್ಜಿ ಬ್ಯಾಂಕ್‌ನಲ್ಲಿ ಒಂದು ಚೂರು ಉಳಿದಾಗ ಕೊನೆಯವನು ಸಿಡಿದ.

ಡ್ಯಾಶ್‌ಬೋರ್ಡ್‌ನಲ್ಲಿ ಎಸ್ ಅಕ್ಷರ ಬಂತು. ನಿಲ್ದಾಣದ ವ್ಯಾಪ್ತಿಗೆ ಬಂದೆ ಅಂತ ಅದರ ಅರ್ಥ. ಇನ್ನೇನು ಮುಗೀತು ಅನ್ನಬೇಕು, ಆದರೆ ಈ ಆಟದಲ್ಲಿ ನಿಜವಾದ ಕಷ್ಟ ಶುರುವಾಗುವುದೇ ಇಲ್ಲಿ. ಕೊರಿಯೋಲಿಸ್ ಅಂತ ಕರೆಯುವ ಈ ನಿಲ್ದಾಣ ಸದಾ ಸುತ್ತುತ್ತಿರುತ್ತದೆ. ಅದರ ಒಂದೇ ಒಂದು ಬಾಗಿಲು ಯಾವಾಗಲೂ ಗ್ರಹದ ಕಡೆಗೆ. ಬಾಗಿಲು ಅಂದರೆ ಒಂದು ಸಣ್ಣ ಸೀಳು. ಹಾಗಾಗಿ ಮೊದಲು ನಿಲ್ದಾಣ ದಾಟಿ ಗ್ರಹದ ಕಡೆ ಹೋಗಿ, ಅಲ್ಲಿಂದ ಹಿಂದಕ್ಕೆ ತಿರುಗಿ, ಸೀಳಿಗೆ ನೇರ ಎದುರು ನಿಲ್ಲಬೇಕು. ಓಡುವ ಬಸ್ಸು ಹತ್ತುವವನು ಮೊದಲು ಅದರ ಜೊತೆ ನಾಲ್ಕು ಹೆಜ್ಜೆ ಓಡುತ್ತಾನಲ್ಲ, ಹಾಗೆ ಇಲ್ಲಿ ಅದರ ಜೊತೆ ನಾವೂ ಸುತ್ತಬೇಕು. ಕೀಲಿ ಬಿಟ್ಟರೆ ನೌಕೆಯ ಸುತ್ತು ತಾನಾಗಿ ನಿಲ್ಲುತ್ತದೆ, ಅದಕ್ಕೆ ಮೆಲ್ಲಗೆ ತಟ್ಟುತ್ತಲೇ ಇರಬೇಕು. ಸೀಳು ಅಡ್ಡವಾಗಿ ನಿಂತ ಹಾಗೆ ಕಂಡರೆ ಮುಂದಕ್ಕೆ. ಓರೆಯಾಗಿದ್ದರೆ, ತೀರಾ ನಿಧಾನವಾಗಿದ್ದವನು ತಗುಲಿ ಪೆಟ್ಟು ತಿಂದು ಬದುಕಬಹುದು. ಜೋರಾಗಿ ಬಂದವನು ಅಲ್ಲೇ ಚೂರು. ನನಗೆ ಪೆಟ್ಟು ತಿನ್ನಲು ಉಳಿದಿದ್ದದ್ದೇ ಒಂದು ಚೂರು ಎನರ್ಜಿ.

"ತಡಿಯೋ, ಅವಸರ ಮಾಡ್ಬೇಡ, ಬ್ಯಾಂಕ್ ತುಂಬ್ಲಿ" ಅಂದ ಗೆಳೆಯ. ಸರಿಯಾದ ಮಾತು. ಸುಮ್ಮನೆ ನಿಂತರೆ ಎನರ್ಜಿ ತಾನೇ ತುಂಬಿಕೊಳ್ಳುತ್ತದೆ. ನಿಂತೆ. ಅಷ್ಟು ದೊಡ್ಡ ಬ್ರಹ್ಮಾಂಡ ಬಿಟ್ಟು ನಾವಿಬ್ಬರೂ ಒಂದು ಸುತ್ತುವ ಡಬ್ಬಿಯ ಸೀಳನ್ನು ಉಸಿರು ಬಿಗಿ ಹಿಡಿದು ನೋಡುತ್ತಿದ್ದೆವು. ಆಮೇಲೆ ಹೊರಟೆ. ಸೀಳು ದೊಡ್ಡದಾಯ್ತು, ಸ್ವಲ್ಪ ಓರೆಯಾಯ್ತು, ತಟ್ಟಿದೆ, ಜಾಸ್ತಿಯಾಯ್ತು, ಈ ಕಡೆ ತಟ್ಟಿದೆ, ಪರದೆ ತುಂಬ ಗೆರೆ, ಅಷ್ಟರಲ್ಲಿ ಪಕ್ಕದ ಫ್ಲಾಪಿ ಡ್ರೈವ್ ಕರಕರ ಅಂತು. ಒಳಗೆ ಹೋದಾಗ ಡಿಸ್ಕ್ ಆವೃತ್ತಿ ನಿಲ್ದಾಣದ ಭಾಗವನ್ನು ಡಿಸ್ಕ್‌ನಿಂದ ಲೋಡ್ ಮಾಡಿಕೊಳ್ಳುತ್ತದೆ. ಮೊದಲು ಸೇವ್ ಮಾಡಿದೆ. ಮಾರಾಟ ಆಮೇಲೆ.

ಆಮೇಲೆ ಇನ್ನೂ ಕೆಲವು ಭಾನುವಾರ ಹೋಗಿ ಆಡಿದ್ದೇನೆ. 1500 ಕ್ರೆಡಿಟ್ ಕೊಟ್ಟು, ನೌಕೆಯನ್ನು ತಾನೇ ನಿಲ್ದಾಣದೊಳಗೆ ಸೇರಿಸುವ ಡಾಕಿಂಗ್ ಕಂಪ್ಯೂಟರ್ ಕೂಡ ಹಾಕಿಸಿದೆ. ಕಮೊಡೋರ್ 64 ಅನ್ನುವ ಇನ್ನೊಂದು ಹಳೇ ಕಂಪ್ಯೂಟರ್‌ನಲ್ಲಿ ಇದನ್ನು ಹಚ್ಚಿದರೆ ಬ್ಲೂ ಡ್ಯಾನ್ಯೂಬ್ ಸಂಗೀತ ಹಾಕಿ ನಿಧಾನವಾಗಿ ಕರ್ಕೊಂಡು ಹೋಗುತ್ತದೆ. ನಮ್ಮ ಬಿಬಿಸಿ ಮೈಕ್ರೋದಲ್ಲಿ ಅಂಥ ಉಪಚಾರ ಏನೂ ಇಲ್ಲ. ವ್ಯಾಪ್ತಿಯೊಳಗೆ ಬಂದು ಸಿ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗಿರುತ್ತೀರಿ. ಹಾಕಿಸಿದ ದಿನ ಖುಷಿಯಾಯ್ತು, ಮಾರನೇ ಸಲ ಆಡುವಾಗ ಏನೋ ಸಪ್ಪೆ. ಹಾಗಂತ ಪೂರ್ತಿ ಬಿಡಕ್ಕೂ ಮನಸ್ಸಿಲ್ಲ, ಅಲ್ವಾ, ದುಡ್ಡು ಕೊಟ್ಟಿದ್ದೀನಿ. ಈಗ ಕಂಪ್ಯೂಟರ್ ಹೊತ್ತು ಬಂದಾಗ ಸಿ ಒತ್ತುತ್ತೇನೆ, ಆಹಾರ ಹೊತ್ತು ಬಂದಾಗ ಕೈಯಲ್ಲೇ ನುಗ್ಗಿಸುತ್ತೇನೆ. ಎಲ್ಲಕ್ಕಿಂತ ಮೇಲಿನ ಎಲೈಟ್ ದರ್ಜೆಗೆ 6400 ನೌಕೆ ಉರುಳಿಸಬೇಕು. ನನ್ನದು ಇನ್ನೂ ಕೆಳಗಿನ 'ಪೂರ್' ದರ್ಜೆ ಅಂತ ತೋರಿಸುತ್ತಿದೆ. ಗೆಳೆಯ ಅವನ ಕಮಾಂಡರ್ ಫೈಲ್ ತೆರೆದು ತೋರಿಸಿದ. ಅವನದು ನನಗಿಂತ ಮೇಲಿನ 'ಕಾಂಪಿಟೆಂಟ್', ಡಾಕಿಂಗ್ ಕಂಪ್ಯೂಟರ್ ಮಾತ್ರ ಇನ್ನೂ ಕೊಂಡಿಲ್ಲವಂತೆ.