ಬರ್ಮಿಂಗ್‌ಹ್ಯಾಮಿನ ನಲ್ಲಿ ನೀರಿನ ತವರು

ಮಕ್ಕಳ ಮನೆಗೆಂದು ಊರಿನಿಂದ ಇಂಗ್ಲೆಂಡಿಗೆ ಬರುವ ಅಪ್ಪ-ಅಮ್ಮಂದಿರನ್ನು ಮೊದಲು ಲಂಡನ್ನಿಗೆ ಕರೆದುಕೊಂಡು ಹೋಗುವುದು ಇಲ್ಲಿನ ವಾಡಿಕೆ. ಅರಮನೆ, ಗಡಿಯಾರದ ಗೋಪುರ, ಒಂದಷ್ಟು ಫೋಟೋ, ವಾಪಸ್. ಬರ್ಮಿಂಗ್‌ಹ್ಯಾಮಿನಲ್ಲಿ ನಿಮ್ಮ ಮಕ್ಕಳಿದ್ದರೆ ಇನ್ನೊಂದು ಜಾಗಕ್ಕೆ ಕರೆದೊಯ್ಯಲು ಹೇಳಿ: ವೇಲ್ಸ್‌ನ ಪೋವಿಸ್ ಸೀಮೆಯ ಎಲಾನ್ ಕಣಿವೆ. ಪಶ್ಚಿಮಕ್ಕೆ ಕಾರಿನಲ್ಲಿ ಎರಡೂವರೆ ಗಂಟೆ. ಈ ನಗರದ ಅಡುಗೆಮನೆಗಳ ನಲ್ಲಿಯಲ್ಲಿ ಬರುವುದು ಅಲ್ಲಿಯದೇ ನೀರು. ಸಾಗರ, ಹೊಸನಗರದ ಕಡೆಯವರಂತೂ ತಪ್ಪಿಸಲೇಬಾರದು.

ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಕಾರ್ಖಾನೆಗಳ ದೆಸೆಯಿಂದ ಬರ್ಮಿಂಗ್‌ಹ್ಯಾಮಿನಲ್ಲಿ ಜನ ಕಿಕ್ಕಿರಿದಿದ್ದರು. ಕೊಳಕು ನೀರು ಕುಡಿದು ಟೈಫಾಯ್ಡ್, ಕಾಲರಾ, ಭೇದಿ ಹರಡುತ್ತಿತ್ತು. ಒಳ್ಳೆಯ ನೀರಿಗಾಗಿ ನಗರದವರು 1892ರಲ್ಲಿ ಪಾರ್ಲಿಮೆಂಟಿನಲ್ಲಿ ಕಾಯ್ದೆಯನ್ನೇ ಮಾಡಿಸಿಕೊಂಡರು. ಮರುವರ್ಷ ಎಲಾನ್ ಕಣಿವೆಯಲ್ಲಿ ಅಣೆಕಟ್ಟುಗಳ ಕೆಲಸ ಶುರುವಾಯಿತು. 1904ರ ಜುಲೈನಲ್ಲಿ ದೊರೆ ಏಳನೇ ಎಡ್ವರ್ಡ್ ಬಂದು ಉದ್ಘಾಟಿಸಿದ. ಇದೇ ಕಣಿವೆ ಯಾಕೆಂದರೆ, ಇಲ್ಲಿ ವರ್ಷಕ್ಕೆ ಸುಮಾರು 1830 ಮಿಲಿಮೀಟರ್ ಮಳೆ (ನಮ್ಮ ಮಲೆನಾಡಿನವರಿಗೆ ಇದೇನು ದೊಡ್ಡ ಮಳೆಯಲ್ಲ), ಅಣೆಕಟ್ಟಿಗೆ ಹೇಳಿ ಮಾಡಿಸಿದಂಥ ಇಕ್ಕಟ್ಟಾದ ಕಣಿವೆ, ನೀರು ಇಂಗಲು ಬಿಡದ ಬಂಡೆ. ಎಲ್ಲಕ್ಕಿಂತ ಮುಖ್ಯವಾಗಿ, ಜಾಗ ಬರ್ಮಿಂಗ್‌ಹ್ಯಾಮಿಗಿಂತ ಎತ್ತರದಲ್ಲಿದೆ. ನೀರು 118 ಕಿಲೋಮೀಟರ್ ದೂರ ಹರಿಯುವಷ್ಟರಲ್ಲಿ ಇಳಿಯುವುದು ಬರೀ 52 ಮೀಟರ್. ಪಂಪು ಬೇಡ, ಕರೆಂಟು ಬೇಡ, ಇಳಿಜಾರೇ ಸಾಕು. ಅಲ್ಲಿ ಹೊರಟ ನೀರು ಒಂದೂವರೆ ದಿನದಲ್ಲಿ ನಗರ ಮುಟ್ಟುತ್ತದೆ. ಆಗಿನ ಎಂಜಿನಿಯರ್ ಜೇಮ್ಸ್ ಮ್ಯಾನ್ಸರ್ ಹಾಕಿದ ಲೆಕ್ಕ ಇವತ್ತಿಗೂ ನಡೆಯುತ್ತಿದೆ. ಇದನ್ನು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಎಲ್ಲಕ್ಕಿಂತ ಕೆಳಗಿನದು ಕಾಬಾನ್ ಕೋಖ್ ಅಣೆಕಟ್ಟು. ಅದರ ಬುಡಕ್ಕೆ ಸ್ವಲ್ಪ ಕೆಳಗೆ, ನದಿಯ ಪಕ್ಕದಲ್ಲೇ ವಿಸಿಟರ್ ಸೆಂಟರ್ ಇದೆ. ಕಲ್ಲಿನ ಕಟ್ಟಡ. ಚಹಾ-ತಿಂಡಿಗೆ ಕೆಫೆ, ಒಂದು ಅಂಗಡಿ, ಬಾಡಿಗೆಗೆ ಸೈಕಲ್ಲು, ದಾರಿ ಹೇಳುವ ಸಿಬ್ಬಂದಿ. ಹೆಚ್ಚಿನವರು ಕಾಫಿ ಕುಡಿದು ಮುಂದೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ಅಣೆಕಟ್ಟು ಕಟ್ಟಿದ ಕಥೆ ಹೇಳುವ ಪ್ರದರ್ಶನವಿದೆ, ಅದಕ್ಕೆ ಸಮಯ ಕೊಡಿ.

ಅಲ್ಲಿ ತಿಳಿಯುವ ಸಂಗತಿಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೂಲಿಗಳ ಊರಿನ ಕಥೆ. ಸಾವಿರಾರು ಕೆಲಸಗಾರರಿಗೆ ಹೊಳೆಯ ದಡದಲ್ಲಿ ಮರದ ಮನೆಗಳನ್ನು ಕಟ್ಟಿದ್ದರು. ಊರೊಳಗೆ ಹೋಗುವ ಸೇತುವೆಗೆ ಕಾವಲುಗಾರ. ಹೊಸಬರನ್ನು ನೇರ ಒಳಗೆ ಬಿಡುತ್ತಿರಲಿಲ್ಲ. ಒಂದು ರಾತ್ರಿ ಹೊರಗಿನ ಮನೆಯಲ್ಲಿ ಇರಿಸಿಕೊಂಡು, ಹೇನು ತೆಗೆಸಿ, ಅಂಟುರೋಗ ಇದೆಯೇ ಎಂದು ನೋಡಿದ ಮೇಲೆ ಪ್ರವೇಶ. ಮಕ್ಕಳಿಗೆ ಶಾಲೆಯಿತ್ತು, ಆದರೆ ಹನ್ನೊಂದು ತುಂಬಿದರೆ ದುಡಿಮೆಗೆ ಹೋಗಬೇಕು. ಸ್ನಾನದ ಮನೆ ಗಂಡಸರಿಗೆ ವಾರದಲ್ಲಿ ಮೂರು ಸಲ, ಹೆಂಗಸರಿಗೆ ಒಂದೇ ಸಲ. ಆ ಮರದ ಊರಿನ ಜಾಗದಲ್ಲಿ ಆಮೇಲೆ ಕಲ್ಲಿನ ಮನೆಗಳು ಬಂದವು. ಅದೇ ಈಗಿನ ಎಲಾನ್ ವಿಲೇಜ್. ಸೆಂಟರಿನಿಂದ ನಡೆದೇ ಹೋಗಬಹುದು.

ಅಪ್ಪಯ್ಯ ಇಲ್ಲಿಗೆ ಬಂದಿದ್ದಾಗ ನಾವಿಬ್ಬರೂ ಹೋಗಿದ್ದೆವು. ಲಿಂಗನಮಕ್ಕಿ ಕಟ್ಟಿ 1964ರಲ್ಲಿ ಶರಾವತಿ ಹಿನ್ನೀರು ಏರಿದಾಗ ಅವರಿಗೆ ಏಳೆಂಟು ವರ್ಷ. ಮನೆ, ಗದ್ದೆ, ತೋಟ ಎಲ್ಲ ಮುಳುಗಿ ಬೇರೆ ಕಡೆ ಬಂದು ನೆಲೆಸಿದವರು. ಕೈ ಹಿಂದಕ್ಕೆ ಕಟ್ಟಿಕೊಂಡು ಒಂದೊಂದೇ ಫೋಟೋದ ಮುಂದೆ ನಿಂತರು.

"ಇಲ್ಲಿ ಮೊದಲು ಇದ್ದವರು ಎಲ್ಲಿಗೆ ಹೋದ್ರಂತೆ?"

"ನೂರು ಜನರ ಮೇಲೆ ಎದ್ದು ಹೋದ್ರಂತೆ ಅಪ್ಪಯ್ಯ. ಹದಿನೆಂಟು ಒಕ್ಕಲು, ಒಂದು ಶಾಲೆ, ಒಂದು ಚರ್ಚು, ದೊಡ್ಡ ಮನೆಗಳೂ ಮುಳುಗಿದ್ವಂತೆ."

"ಪರಿಹಾರ?"

"ಜಮೀನಿನ ಒಡೆಯರಿಗೆ ಮಾತ್ರ. ಉಳಿದವರಿಗೆ ಏನೂ ಇಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೇಣಿಯವರ ಪಾಡು ಎಲ್ಲಾ ಕಡೆನೂ ಹಂಗೇಯ," ಅಂದರು. ಆಮೇಲೆ, "ಆದ್ರೆ ಬಚ್ಚಿಟ್ಟಿಲ್ಲ ನೋಡು, ಹೇಳಿದಾರೆ," ಅಂದರು.

ಆ ಎರಡನೇ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಜೋಗಕ್ಕೆ ಎಷ್ಟು ಜನ ಬರುತ್ತಾರೆ! ಸಿಗಂದೂರಿಗೆ 2025ರಲ್ಲಿ ಸೇತುವೆಯೂ ಆಯಿತು, ಹಿನ್ನೀರಿನ ಮೇಲೆಯೇ ಬಸ್ಸು ಓಡುತ್ತದೆ. ಆದರೆ ಆ ನೀರಿನಡಿ ಯಾವ ಯಾವ ಊರುಗಳಿದ್ದವು, ಅಲ್ಲಿಯವರು ಸಾಮಾನು ಕಟ್ಟಿಕೊಂಡು ಎಲ್ಲಿಗೆ ಹೋದರು ಎಂದು ಬರೆದ ಫಲಕ ನಾನು ಓಡಾಡಿದ ದಾರಿಯಲ್ಲಿ ಕಾಣಲಿಲ್ಲ. ಒಂದು ಕೋಣೆ ಸಾಕು. ಊರುಗಳ ಪಟ್ಟಿ, ಹಳೆಯ ನಕ್ಷೆ, ಮನೆಮನೆಯಲ್ಲಿ ಉಳಿದಿರುವ ಫೋಟೋ, ಇನ್ನೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವವರ ಮಾತು. ಅಪ್ಪಯ್ಯನ ವಯಸ್ಸಿನವರು ಇರುವಾಗಲೇ ಆಗಬೇಕು. ಕಂಡವರು ಹೋದ ಮೇಲೆ ಕೇಳುವುದು ಯಾರನ್ನು?

ಸೆಂಟರಿನಿಂದ ರಸ್ತೆ ನೀರಿನ ಅಂಚಿನಲ್ಲೇ ಮೇಲೇರುತ್ತದೆ. ಮೊದಲು ಗಾರೆಗ್ ದೀ. ಇಲ್ಲಿ ಅಣೆಕಟ್ಟಿರುವುದು ನೀರಿನೊಳಗೆ, ಕಣ್ಣಿಗೆ ಕಾಣುವುದು ಅದರ ಮೇಲಿನ ಕಮಾನುಗಳ ಸೇತುವೆ ಮಾತ್ರ. ಕೆಳಗಿನ ಜಲಾಶಯ ಇಳಿದರೂ ಬರ್ಮಿಂಗ್‌ಹ್ಯಾಮಿನ ಕಾಲುವೆಗೆ ನೀರು ತಪ್ಪದಿರಲೆಂದು ಈ ಉಪಾಯ. ಸೇತುವೆ ದಾಟಿದರೆ ನಾಂಟ್‌ಗ್ವಿಲ್ಟ್ ಚರ್ಚು, ಮುಳುಗಿದ ಚರ್ಚಿಗೆ ಬದಲಾಗಿ ಕಟ್ಟಿಕೊಟ್ಟದ್ದು. ಅದೇ ಹೆಸರಿನ ದೊಡ್ಡ ಮನೆಯಲ್ಲಿ 1812ರಲ್ಲಿ ಕವಿ ಶೆಲ್ಲಿ ಹೆಂಡತಿಯ ಜೊತೆ ಕೆಲಕಾಲ ಇದ್ದ. ಅದೂ ನೀರಿನಡಿ. 1937ರಲ್ಲಿ, 1947ರಲ್ಲಿ ಬರ ಬಿದ್ದಾಗ ಅದರ ಗೋಡೆಗಳು ಮೇಲೆ ಕಂಡವಂತೆ. ಬೇಸಿಗೆಯಲ್ಲಿ ಲಿಂಗನಮಕ್ಕಿ ನೀರು ಇಳಿದಾಗ ಮಡೆನೂರಿನ ಹಳೇ ಅಣೆಕಟ್ಟು ಕಾಣುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದೆ ಪೆನ್-ಇ-ಗಾರೆಗ್, ಆಮೇಲೆ ತುದಿಯ ಕ್ರೈಗ್ ಗೋಖ್. ಬಾಗಿ ನಿಂತ ಕಲ್ಲಿನ ಗೋಡೆ, ಸಾಲು ಕಮಾನು, ಒಂದು ಗುಮ್ಮಟ. ಇಷ್ಟು ಚಂದದ ಅಣೆಕಟ್ಟನ್ನು ನಾನು ಬೇರೆಲ್ಲೂ ನೋಡಿಲ್ಲ. ಪಕ್ಕದ ಕಣಿವೆಯಲ್ಲಿ 1952ರ ಕ್ಲೈರ್‌ವೆನ್ ಇದೆ. ಅದು ಬಹಳ ದೊಡ್ಡದು, ಕಾಂಕ್ರೀಟಿನದು. ಹಳೆಯವಕ್ಕೆ ಹೊಂದಲೆಂದು ಹೊರಮೈಗೆ ಕಲ್ಲು ಕೂರಿಸಿದ್ದಾರೆ. ಈ ದೇಶದ ಕಲ್ಲುಕುಟಿಗರು ಯುದ್ಧದಲ್ಲಿ ಹಾಳಾದ ಪಾರ್ಲಿಮೆಂಟ್ ಭವನದ ಕೆಲಸದಲ್ಲಿದ್ದರೆಂದು ಇಟಲಿಯವರನ್ನು ಕರೆಸಿದ್ದರು.

ಹತ್ತಿರದ ಪೇಟೆ ರೇಯಡರ್. ಅಲ್ಲಿನ ಗಿಗ್ರಿನ್ ಫಾರ್ಮ್‌ನಲ್ಲಿ ರೆಡ್ ಕೈಟ್ ಎಂಬ ಕವಲುಬಾಲದ ಹದ್ದುಗಳಿಗೆ ಮಾಂಸ ಹಾಕುತ್ತಾರೆ, ಚಳಿಗಾಲದಲ್ಲಿ ಮಧ್ಯಾಹ್ನ ಎರಡಕ್ಕೆ, ಬೇಸಿಗೆಯಲ್ಲಿ ಮೂರಕ್ಕೆ. ಒಂದು ಕಾಲಕ್ಕೆ ಇಡೀ ಬ್ರಿಟನ್ನಿನಲ್ಲಿ ಈ ಹಕ್ಕಿ ಉಳಿದಿದ್ದು ವೇಲ್ಸ್‌ನ ಈ ಗುಡ್ಡಗಳಲ್ಲಿ, ಅದೂ ಬೆರಳೆಣಿಕೆಯ ಜೋಡಿ. ಈಗ ಆಕಾಶದ ತುಂಬ ನೂರಾರು.

ರೈಲಿನಲ್ಲಿ ಬರುವವರಿಗೆ ಹತ್ತಿರದ ನಿಲ್ದಾಣ ಲ್ಯಾಂಡ್ರಿಂಡಾಡ್ ವೆಲ್ಸ್, ಆದರೆ ಅಲ್ಲಿಂದ ಮುಂದೆ ಬಸ್ಸು ಕಡಿಮೆ. ಕಾರೇ ಮೇಲು. ಪೆಟ್ರೋಲ್ ರೇಯಡರ್‌ನಲ್ಲೇ ಹಾಕಿಸಿಕೊಳ್ಳಿ, ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ನಂಬಬೇಡಿ. ಮಂಡಿನೋವಿಲ್ಲದ ಹಿರಿಯರಿಗೆ ಹಳೆಯ ರೈಲುದಾರಿಯನ್ನೇ ಕಾಲುದಾರಿ ಮಾಡಿದ ಎಲಾನ್ ಟ್ರೇಲ್ ಇದೆ, ಒಟ್ಟು ಒಂಬತ್ತು ಮೈಲಿ; ಸಾಕೆನಿಸಿದಲ್ಲಿ ತಿರುಗಿ ಬರಬಹುದು. ರಾತ್ರಿ ಉಳಿಯುವಿರಾದರೆ ಮೋಡವಿಲ್ಲದ ದಿನ ನೋಡಿಕೊಳ್ಳಿ. 2015ರಿಂದ ಇದು ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಕತ್ತಲೆಯಾಕಾಶದ ಉದ್ಯಾನ. ಅಣೆಕಟ್ಟುಗಳು ತುಂಬಿ ಮೇಲಿಂದ ಧುಮುಕುವುದನ್ನು ನೋಡಬೇಕೆಂದರೆ ಚಳಿಗಾಲದ ಮಳೆಯಲ್ಲಿ ಬನ್ನಿ, ಸ್ವೆಟರ್ ಮೇಲೆ ಮಳೆಕೋಟು ಹಾಕಿಕೊಂಡು.