ಸೌದೆ ಬೆಳಕಿನಲ್ಲಿ ಕಂಡ ಮುಖ

ಒಸಾಕಾದಲ್ಲಿ ಕೆಲಸಕ್ಕಿದ್ದ ದಿನಗಳು. ಮೇ ತಿಂಗಳ ಒಂದು ಶುಕ್ರವಾರ ಅರ್ಧ ದಿನ ರಜೆ ಹಾಕಿ ನಾರಾ ರೈಲು ಹತ್ತಿದೆ. ಅಲ್ಲಿನ ಕೋಫುಕುಜಿ ದೇವಸ್ಥಾನದಲ್ಲಿ ‘ತಾಕಿಗಿ ನೋಹ್’ ಇತ್ತು. ತಾಕಿಗಿ ಅಂದರೆ ಸೌದೆ. ನೋಹ್ ಅಂದರೆ ಮುಖವಾಡ ಹಾಕಿ ಹಾಡು ಕುಣಿತದಲ್ಲಿ ಆಡುವ ಜಪಾನಿನ ಹಳೇ ನಾಟಕ. ಅದನ್ನು ಸೌದೆ ಉರಿಸಿ ಆ ಬೆಳಕಿನಲ್ಲಿ ಆಡುತ್ತಾರೆ. ಇದು 869ರಲ್ಲಿ ಇದೇ ದೇವಸ್ಥಾನದಲ್ಲಿ ಶುರುವಾಯಿತು ಎನ್ನುತ್ತಾರೆ.

ದಕ್ಷಿಣದ ಹೆಬ್ಬಾಗಿಲು ಇದ್ದ ಜಾಗದಲ್ಲಿ, ಹುಲ್ಲಿನ ಮೇಲೆ ಹಲಗೆಯ ರಂಗ. ಹಿಂದೆಲ್ಲ ಆಟಕ್ಕೆ ಮೊದಲು ಹುಲ್ಲಿನ ಮೇಲೆ ಕಾಗದ ಇಟ್ಟು, ಕಾಲಲ್ಲಿ ಒತ್ತಿ, ತೇವ ಎಷ್ಟಿದೆ ಅಂತ ನೋಡುತ್ತಿದ್ದರಂತೆ. ನಾಟಕಕ್ಕೆ ಜಪಾನಿನಲ್ಲಿ ‘ಶಿಬಾಯಿ’ ಅನ್ನುತ್ತಾರೆ. ಬಿಡಿಸಿದರೆ, ಹುಲ್ಲಿನ ಮೇಲೆ ಕೂರುವುದು. ನಮ್ಮ ಬಯಲಾಟದ ಹಾಗೇ ಅಲ್ವಾ?

ಕತ್ತಲಾಗುವ ಹೊತ್ತಿಗೆ ಹಳೇ ಕಾಲದ ಯೋಧ ಸನ್ಯಾಸಿಗಳ ವೇಷದವರು ಬಂದು ಕಬ್ಬಿಣದ ಬುಟ್ಟಿಗಳಲ್ಲಿದ್ದ ಸೌದೆಗೆ ಬೆಂಕಿ ಇಟ್ಟರು. ಚಟಪಟ ಸದ್ದು, ಹೊಗೆಯ ವಾಸನೆ.

ಆವತ್ತು ‘ಹಗೊರೊಮೊ’ ಅನ್ನುವ ನಾಟಕ ಇತ್ತು. ಕಥೆ ಚಿಕ್ಕದು. ಬೆಸ್ತನೊಬ್ಬನಿಗೆ ಪೈನ್ ಮರದ ಮೇಲೆ ಒಂದು ಗರಿಯ ಬಟ್ಟೆ ಸಿಗುತ್ತದೆ. ಅದು ದೇವಕನ್ಯೆಯದು, ಅದಿಲ್ಲದೆ ಅವಳು ಹಾರಲಾರಳು. ಕುಣಿದು ತೋರಿಸಿದರೆ ಕೊಡುತ್ತೇನೆ ಅನ್ನುತ್ತಾನೆ. ಬಟ್ಟೆ ಇಲ್ಲದೆ ಹೇಗೆ ಕುಣಿಯಲಿ ಅಂತ ಅವಳು. ಮೊದಲೇ ಕೊಟ್ಟರೆ ಹಾರಿಹೋದರೆ ಅಂತ ಅವನ ಅನುಮಾನ. ಅನುಮಾನ ಮನುಷ್ಯರಿಗೆ, ಸ್ವರ್ಗದಲ್ಲಿ ಸುಳ್ಳೇ ಇಲ್ಲ ಅನ್ನುತ್ತಾಳೆ ಅವಳು. ಅವನಿಗೆ ನಾಚಿಕೆಯಾಗಿ ಕೊಟ್ಟುಬಿಡುತ್ತಾನೆ.

ನಾನು ಕುಂದಾಪುರದ ಕಡೆಯವನು. ಗದ್ದೆಯಲ್ಲಿ ಚೆಂಡೆ ಪೆಟ್ಟು ಕೇಳುತ್ತಾ ಬೆಳೆದವನಿಗೆ ವೇಷ ಬರುವುದೆಂದರೆ ರಂಗ ನಡುಗಬೇಕು. ಇಲ್ಲಿ ಬಿಳಿ ಕಾಲುಚೀಲದ ಪಾದ ಹಲಗೆಯಿಂದ ಮೇಲೇಳುವುದೇ ಇಲ್ಲ, ಜಾರುತ್ತದೆ. ಕಾಲು ಗಂಟೆ ನನಗೆ ತಳಮಳ. ಹಾಡುವ ಮಾತು ಹಳೆಯ ಜಪಾನಿ, ಒಂದೂ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ತಮ್ಮ ಹಾಡಿನ ಪುಸ್ತಕವನ್ನು ನನ್ನ ಕಡೆ ಸರಿಸಿ, ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ ಮೆಲ್ಲಗೆ, “ಪುಸ್ತಕ ಬಿಡಿ, ಮುಖ ನೋಡಿ” ಅಂದರು.

ನೋಡಿದೆ. ಮುಖವಾಡ ಮರದ್ದು. ಅದೇ ತುಟಿ, ಅದೇ ಕಣ್ಣು, ಯಾವುದೂ ಅಲುಗುವುದಿಲ್ಲ. ಬಟ್ಟೆ ಕೊಡು ಅಂತ ಬೇಡುವಾಗ ನಟ ತಲೆಯನ್ನು ಒಂದಿಷ್ಟೇ ಬಗ್ಗಿಸಿದರು. ಹುಬ್ಬಿನ ಕೆಳಗೆ ನೆರಳು ಬಿತ್ತು. ಮುಖ ಅಳುತ್ತಿತ್ತು! ಇದಕ್ಕೆ ಅಲ್ಲಿನವರು ‘ಮೋಡ ಕವಿಸುವುದು’ ಅನ್ನುತ್ತಾರೆ. ಬಟ್ಟೆ ಸಿಕ್ಕಿ ಕುಣಿಯುವಾಗ ತಲೆ ಕೊಂಚ ಮೇಲಾಯಿತು, ಬೆಳಕು ಕೆನ್ನೆಗೆ ಬಂತು, ಅದೇ ಮರ ನಕ್ಕಿತು. ಗಾಳಿಗೆ ಬೆಂಕಿ ಓಲಾಡಿದ ಹಾಗೆಲ್ಲ ನಟ ನಿಂತಲ್ಲೇ ಇದ್ದರೂ ಮುಖ ಬದಲಾಗುತ್ತಿತ್ತು. ವಿದ್ಯುತ್ ದೀಪದಲ್ಲಿ ಇದು ಸಾಧ್ಯವೇ ಇಲ್ಲ ಅನ್ನಿಸಿತು.

ಮಧ್ಯೆ ಒಮ್ಮೆ ಚಿಕ್ಕ ಡೋಲಿನವರು ಅದರ ಚರ್ಮವನ್ನು ಬಾಯಿಯ ಹತ್ತಿರ ತಂದು ಮೆಲ್ಲಗೆ ಉಸಿರು ಬಿಟ್ಟರು. ಆ ಡೋಲಿಗೆ ತೇವ ಬೇಕು. ಪಕ್ಕದ ದೊಡ್ಡ ಡೋಲಿನ ಚರ್ಮವನ್ನೋ ಆಟಕ್ಕೆ ಮೊದಲೇ ಕೆಂಡದಲ್ಲಿ ಕಾಯಿಸಿ ಒಣಗಿಸಿರುತ್ತಾರೆ. ಒಂದು ಮೆತ್ತಗೆ ‘ಪೊಂ’, ಇನ್ನೊಂದು ‘ಕಣ್’. ನಡುವೆ “ಯೋ...” ಅನ್ನುವ ಉದ್ದನೆಯ ಕೂಗು. ಮೈ ಜುಂ ಅಂದಿತು.

ಕನ್ಯೆ ಫುಜಿ ಬೆಟ್ಟದ ಮಂಜಿನಲ್ಲಿ ಮರೆಯಾದಳು. ಅಂದರೆ ನಟ ಮೆಲ್ಲಗೆ ನಡೆದು ಪರದೆಯ ಹಿಂದೆ ಹೋದರು. ಡೋಲಿನವರು ಎದ್ದು ಒಬ್ಬೊಬ್ಬರಾಗಿ ಹೋಗುವವರೆಗೂ ನಮ್ಮ ಸುತ್ತ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೌದೆ ಕೆಂಡವಾಗಿತ್ತು. ಅಜ್ಜಿ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತುತ್ತಾ, “ಅತ್ತದ್ದು ಕಂಡಿತಾ?” ಅಂತ ಕೇಳಿದರು.

ಕಂಡಿತು ಅಂದೆ.